ತಾಯಿ ಮೊದಲು ಎತ್ತಿದ ಮರಿ

"ಗುರುಗಳೇ, ಪಾಠಕ್ಕೆ ದಿನವೂ ನನ್ನನ್ನೇ ಮೊದಲು ಕರೆಯುತ್ತೀರಿ. ಹಾಗಿದ್ದರೆ ಆ ಊರಿಗೆ ಹೋಗಬೇಕಾದವನು ನಾನೇ ಅಲ್ಲವೇ?"

ಶಿಷ್ಯ ಹೀಗೆ ಕೇಳಿದಾಗ ಗುರು ಬಾವಿಕಟ್ಟೆಯ ಮೇಲೆ ಕುಳಿತು ಕಾಲು ತೊಳೆಯುತ್ತಿದ್ದರು. ಹಿಂದಿನ ದಿನ ಬೆಟ್ಟದಾಚೆಯ ಊರಿನವರು ಬಂದು, ತಮ್ಮ ಮಠದಲ್ಲಿ ಪಾಠ ಹೇಳಲು ಒಬ್ಬರನ್ನು ಕಳಿಸಿಕೊಡಿ ಎಂದು ಕೇಳಿಕೊಂಡು ಹೋಗಿದ್ದರು. ಗುರುವಿನ ಬಳಿ ಐವರು ಶಿಷ್ಯರಿದ್ದರು. ಬೆಳಿಗ್ಗೆ ಗುರು ಹೆಸರು ಹಿಡಿದು ಕರೆಯುತ್ತಿದ್ದುದು ಇವನೊಬ್ಬನನ್ನು. ಮಗ್ಗುಲಲ್ಲಿ ಕೂರಿಸಿಕೊಳ್ಳುತ್ತಿದ್ದುದು ಇವನನ್ನು. ಒಂದು ಪದ್ಯವನ್ನು ಇವನಿಗೆಂದು ಎರಡು ಸಲ, ಕೆಲವು ದಿನ ಮೂರು ಸಲ ಬಿಡಿಸಿ ಹೇಳುತ್ತಿದ್ದರು. ಉಳಿದವರು ಅದನ್ನು ಗಮನಿಸಿದ್ದರು. ಅವರಲ್ಲೊಬ್ಬ ಆಗಲೇ ಇವನನ್ನು 'ಚಿಕ್ಕ ಗುರುಗಳೇ' ಎಂದು ಛೇಡಿಸಲು ಶುರುಮಾಡಿದ್ದ. ಇವನು ಬೇಡವೆಂದಿರಲಿಲ್ಲ.

ಗುರು ಕಾಲು ತೊಳೆದು ಮುಗಿಸಿದರು.

"ನಾಯಿಮರಿ ಆರಿಸುವುದು ಗೊತ್ತೇನು ನಿನಗೆ?"

"ಇಲ್ಲ."

"ಹಾಗಾದರೆ ಕೂತುಕೋ."

ಶಿಷ್ಯ ಕೂತ. ಗುರು ಹೇಳಿದರು.

ಬಯಲುಸೀಮೆಯಲ್ಲಿ ಒಬ್ಬ ಕುರಿಗಾಹಿ ಇದ್ದ. ಅವನಿಗೆ ಎಂಬತ್ತು ಕುರಿ, ಒಂದು ನಾಯಿ. ಹೊಲ ಇರಲಿಲ್ಲ. ನಾಯಿಯ ಹೆಸರು ಕೆಂಚಿ. ಮುಳ್ಳಿನ ಬೇಲಿ ಕಟ್ಟಿ ಕುರಿ ಕೂಡುವ ಜಾಗಕ್ಕೆ ಆ ಕಡೆ ರೊಪ್ಪ ಎನ್ನುತ್ತಾರೆ. ಕೆಂಚಿ ಹನ್ನೊಂದು ವರ್ಷ ರೊಪ್ಪದ ಬಾಗಿಲಲ್ಲಿ ಮಲಗಿತು. ಆ ಹನ್ನೊಂದು ವರ್ಷ ಕುರಿಗಾಹಿಗೆ ತೋಳದ ಯೋಚನೆ ಇರಲಿಲ್ಲ. ತೋಳ ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು. ಕೆಂಚಿಯನ್ನು ನೋಡಿ ಬೇರೆಯವರ ರೊಪ್ಪಕ್ಕೆ ಹೋಗುತ್ತಿತ್ತು.

ಹನ್ನೆರಡನೇ ವರ್ಷ ಕೆಂಚಿ ಸತ್ತಿತು. ಮುಪ್ಪಿನ ಸಾವು. ಕುರಿಗಾಹಿ ಅದನ್ನು ರೊಪ್ಪದ ಹಿಂದೆ ಹೂಳಿ ಮೇಲೆ ಕಲ್ಲು ಹೇರಿದ. ಒಂಬತ್ತನೇ ದಿನ, ಕುರಿ ಮರಳುವ ಹೊತ್ತಿಗೆ, ತೋಳ ಒಂದು ಕುರಿಮರಿಯನ್ನು ಹೊತ್ತುಕೊಂಡು ಹೋಯಿತು. ನಾಲ್ಕು ದಿನ ಬಿಟ್ಟು ಇನ್ನೊಂದು. ಅದಾದ ಮೇಲೆ ಒಂದು ಗಬ್ಬದ ಕುರಿ.

ಅವನ ಹೆಂಡತಿ ಹೇಳಿದಳು: "ನೀನು ಕೋಲು ಹಿಡ್ಕಂಡು ಕೂಗಿದ್ರೆ ತೋಳ ಹೆದರ್ತದಾ? ಒಂದು ನಾಯಿ ತಗಂಬಾ."

"ತರ್ತೀನಿ. ಸಿಕ್ಕಿದ್ದನ್ನ ತರಾಕಾಗಲ್ಲ. ಆರಿಸ್ಬೇಕು."

"ಆರಿಸು, ಆರಿಸು. ನೀನು ನಾಯಿ ಆರಿಸೋ ಹೊತ್ತಿಗೆ ತೋಳ ಕುರಿಯೆಲ್ಲಾ ಆರಿಸ್ಕಂಡು ಹೋಗಿರ್ತದೆ."

ಕುರಿಗಾಹಿ ಸಿಟ್ಟಾಗಲಿಲ್ಲ. ಅವಳ ಮಾತು ನಿಜವಾಗಿತ್ತು. ಆದರೆ ನಾಯಿ ಆರಿಸುವ ವಿದ್ಯೆ ತನಗೆ ಗೊತ್ತಿದೆ ಎಂಬ ಧೈರ್ಯ ಅವನಿಗಿತ್ತು. ಕೆಂಚಿಯನ್ನು ಆರಿಸಿದವನು ಅವನ ಅಪ್ಪ. ಸುತ್ತ ಹತ್ತೂರಿನಲ್ಲಿ ಮರಿ ನೋಡಲು ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಮರಿ ನೋಡುವಾಗ ಇವನು ಪಕ್ಕದಲ್ಲಿ ನಿಂತಿರುತ್ತಿದ್ದ. ಹಾಗೆ ನಿಂತು ನೋಡಿದ್ದನ್ನೇ ಕಲಿತದ್ದು ಎಂದುಕೊಂಡಿದ್ದ. ಅಪ್ಪ ಸತ್ತ ಮೇಲೆ ಇವನು ತಾನಾಗಿ ಒಂದು ಮರಿಯನ್ನೂ ಆರಿಸಿರಲಿಲ್ಲ. ಕೆಂಚಿ ಇದ್ದುದರಿಂದ ಆ ಅಗತ್ಯ ಬಿದ್ದಿರಲಿಲ್ಲ.

ಮೊದಲು ಸಂತೆಗೆ ಹೋದ. ಅಲ್ಲೊಬ್ಬ ಕುಕ್ಕೆಯಲ್ಲಿ ಐದಾರು ಮರಿ ಇಟ್ಟುಕೊಂಡು ಕೂತಿದ್ದ. ಮೈತುಂಬ ಕೂದಲಿನ ಬಿಳಿ ಮರಿಗಳು. ಚೆನ್ನಾಗಿ ತೊಳೆದು ಒಣಗಿಸಿದ್ದ. ಜನ ಮುತ್ತಿಕೊಂಡಿದ್ದರು.

ಕುರಿಗಾಹಿ ಕೇಳಿದ: "ಇವುಗಳ ತಾಯಿ ಎಲ್ಲಿ?"

"ತಾಯಿ ಯಾಕಣ್ಣ? ನೀನು ಮರಿ ಒಯ್ಯಾಕೆ ಬಂದೀಯೋ, ಬೀಗತನ ಬೆಳೆಸಾಕೆ ಬಂದೀಯೋ?"

ಸುತ್ತ ನಿಂತವರು ನಕ್ಕರು. ಕುರಿಗಾಹಿ ಬಗ್ಗಿ ಒಂದು ಮರಿಯ ಹೊಟ್ಟೆ ಮುಟ್ಟಿ ನೋಡಿದ. ಹೊಟ್ಟೆ ಊದಿಕೊಂಡಿತ್ತು. ತಾಯಿಯಿಂದ ಬೇಗ ಕಿತ್ತು ತಂದ ಮರಿ. ತಾಯಿಯನ್ನು ತೋರಿಸದವನ ಕೈಯಿಂದ ಮರಿ ತರಬಾರದು ಎಂದು ಅಪ್ಪ ಹೇಳುತ್ತಿದ್ದ. ಇವನು ಎದ್ದು ಬಂದ. ಅದು ಸರಿಯಾದ ಕೆಲಸವೇ.

ಆಮೇಲೆ ಊರ ಗೌಡರ ಮನೆಗೆ ಹೋದ. ಗೌಡರ ನಾಯಿ ಈದು ಎರಡು ತಿಂಗಳಾಗಿತ್ತು. ಕರು ಎತ್ತರದ ನಾಯಿ. ಅದನ್ನು ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದರು. ಇವನನ್ನು ಕಂಡದ್ದೇ ಅದು ಎದ್ದು ನಿಂತು ಬೊಗಳಿತು. ಹಟ್ಟಿಯೊಳಗಿಂದ ಒಂದು ಕೋಳಿ ಹಾದುಹೋಯಿತು, ಅದಕ್ಕೂ ಬೊಗಳಿತು.

ಗೌಡರು ಹೆಮ್ಮೆಯಿಂದ ಹೇಳಿದರು: "ನೋಡಿದೆಯಾ? ಇದರ ಗಂಟಲು ಮೂರು ಊರಿಗೆ ಕೇಳ್ತದೆ."

"ಸರಪಳಿ ಬಿಚ್ಚಿ ತೋರಿಸ್ತೀರಾ, ಗೌಡ್ರೆ?"

"ಬಿಚ್ಚಿದ್ರೆ ನನ್ನ ಕೈಗೇ ಸಿಗಲ್ಲ."

"ಹಂಗಾರೆ ಬ್ಯಾಡ ಬಿಡಿ."

"ಪುಕ್ಕಟೆ ಕೊಟ್ರೂ ಬ್ಯಾಡವಾ ನಿನಗೆ? ಕುರಿ ಕಾಯೋಕೆ ಐರಾವತ ಬೇಕೇನಪ್ಪ?" ಎಂದು ಗೌಡರು ಒಳಗೆ ಹೋದರು.

ಯಜಮಾನನ ಕೈಗೆ ಸಿಗದ ನಾಯಿಯ ಮರಿ ಕುರಿಗಳ ನಡುವೆ ಬಾಳುವುದಿಲ್ಲ. ಕೋಳಿಗೂ ತೋಳಕ್ಕೂ ಒಂದೇ ದನಿಯಲ್ಲಿ ಬೊಗಳುವ ನಾಯಿಯನ್ನು ನಂಬಿ ಕಣ್ಣು ಮುಚ್ಚಲಾಗುವುದಿಲ್ಲ. ಇಲ್ಲಿಯೂ ಅವನು ಸರಿಯಾಗಿಯೇ ನಡೆದುಕೊಂಡ.

ಇಷ್ಟು ಹೊತ್ತಿಗೆ ಇನ್ನೊಂದು ಕುರಿ ಹೋಗಿತ್ತು.

ಮೂರನೆಯದಾಗಿ ಒಂದು ಸುದ್ದಿ ಬಂತು. ಅರ್ಧ ದಿನದ ದಾರಿಯಲ್ಲಿ, ಬೆಳೆ ಕೊಯ್ದ ಹೊಲದಲ್ಲಿ, ಊರೂರು ತಿರುಗುವ ಕುರಿಗಾರರು ಮಂದೆ ಇಳಿಸಿದ್ದಾರೆ. ಮಂದೆಯ ಯಜಮಾನಿ ಒಬ್ಬಳು ಮುದುಕಿ. ಅವಳ ನಾಯಿ ತೋಳವನ್ನು ಒಂಟಿಯಾಗಿ ಅಟ್ಟಿದೆ. ಅದಕ್ಕೆ ಆರು ಮರಿ.

ಕುರಿಗಾಹಿ ತನ್ನ ಕುರಿಗಳನ್ನು ಪಕ್ಕದ ರೊಪ್ಪದವನಿಗೆ ಒಪ್ಪಿಸಿದ. ಪಕ್ಕದವನು ಹೇಳಿದ: "ಇವತ್ತೊಂದು ದಿನ ನೋಡ್ಕಂತೀನಿ. ಬೈಗಿಗೆ ನೀನು ಬರ್ಲಿಲ್ಲಾಂದ್ರೆ ಕುರಿ ನಂದೇ ಅಂದ್ಕಂತೀನಿ." ತಮಾಷೆಗೆ ಹೇಳಿದ್ದು. ಆದರೂ ಕುರಿಗಾಹಿ ಬೇಗಬೇಗ ಹೆಜ್ಜೆ ಹಾಕಿದ.

ಆ ಜನರಲ್ಲಿ ನಾಯಿಮರಿಯನ್ನು ಮಾರುವುದಿಲ್ಲ. ಮರಿ ಬೇಕಾದವನು ತಾಯಿನಾಯಿಗೆ ಊಟ ತರಬೇಕು. ತನ್ನ ಕೈಯಾರೆ ಹಾಕಬೇಕು. ಅದು ಹೊಟ್ಟೆ ತುಂಬ ಉಂಡ ಮೇಲೆ ಮರಿ ಎತ್ತಿಕೊಳ್ಳಬೇಕು. ಕುರಿಗಾಹಿಯ ಹೆಂಡತಿ ರಾಗಿಮುದ್ದೆಯನ್ನು ಬಾಡಿನ ಸಾರಿನಲ್ಲಿ ಕಲಸಿ ಬುತ್ತಿ ಕಟ್ಟಿಕೊಟ್ಟಿದ್ದಳು.

ಅವನು ತಲುಪಿದಾಗ ಮುದುಕಿ ಉಣ್ಣೆ ನೂಲುತ್ತಾ ಕೂತಿದ್ದಳು. ಕುರಿಗಳೆಲ್ಲ ಮೇಯಲು ಹೋಗಿದ್ದವು. ಎಳೆಯ ಕುರಿಮರಿಗಳು ಮಾತ್ರ ಬಿಡಾರದ ಹತ್ತಿರ ಇದ್ದವು. ತಾಯಿನಾಯಿ ಎದ್ದು ಬಂತು. ಅದರ ಒಂದು ಕಿವಿ ಹರಿದಿತ್ತು. ಇವನ ಕಾಲು ಮೂಸಿತು. ಬೊಗಳಲಿಲ್ಲ. ಹಿಂದಕ್ಕೆ ಹೋಗಿ ಇವನಿಗೂ ಕುರಿಮರಿಗಳಿಗೂ ನಡುವೆ ಕೂತಿತು.

ಕುರಿಗಾಹಿಗೆ ಅಷ್ಟು ಸಾಕಾಯಿತು. ತಾಯಿ ಸರಿಯಾಗಿದ್ದಾಳೆ. ತಾನು ಬಂದ ಜಾಗ ಸರಿಯಾಗಿದೆ.

ಮರಿಗಳು ತಂಗಡಿ ಗಿಡದ ಬುಡದಲ್ಲಿ, ಒಂದು ತಗ್ಗಿನಲ್ಲಿ ಮಲಗಿದ್ದವು. ಮುದುಕಿ ಕೂತಲ್ಲಿಂದಲೇ ಹೇಳಿದಳು: "ಮುದ್ದೆ ತಿನ್ನಾಕೆ ಹಿಡಿದು ಹದಿನೈದು ದಿನ ಆತು. ಈಗ ಒಯ್ಬೌದು. ನೋಡು."

ಅವನು ಒಂದೊಂದನ್ನೇ ಎತ್ತಿದ. ಕತ್ತಿನ ಚರ್ಮ ಹಿಡಿದು ಎತ್ತಿ, ಒದ್ದಾಡುತ್ತದೋ ಸುಮ್ಮನಿರುತ್ತದೋ ನೋಡಿದ. ಬಾಯಿ ತೆರೆದು ಅಂಗುಳ ಕಪ್ಪಿದೆಯೇ ನೋಡಿದ. ಉಗುರು ಎಣಿಸಿದ. ಹಿಂದೆ ನಿಂತು ಚಪ್ಪಾಳೆ ತಟ್ಟಿದ. ಒಂದು ಮರಿ ಚಪ್ಪಾಳೆಗೆ ಹೆದರಿ ತಗ್ಗಿನೊಳಗೆ ನುಗ್ಗಿತು. ಅದನ್ನು ಬಿಟ್ಟ. ಇನ್ನೊಂದು ಅವನ ಬೆರಳು ಕಚ್ಚಿ ಬಿಡಲೇ ಇಲ್ಲ. ಅದನ್ನೂ ಬಿಟ್ಟ. ನಾಲ್ಕು ಉಳಿದವು. ನಾಲ್ಕೂ ಒಂದೇ ಥರ ಕಂಡವು.

ಅವನು ತಲೆ ಕೆರೆದುಕೊಳ್ಳುವುದನ್ನು ಮುದುಕಿ ನೋಡಿದಳು.

"ತಮ್ಮ, ಇವತ್ತು ಇಲ್ಲೇ ಇರು. ಅವು ಉಣ್ಣೋದು ನೋಡು, ಮಲಗೋದು ನೋಡು. ಬೈಗಿಗೆ ಕುರಿ ಬರ್ತವೆ. ಕುರಿ ತುಳಿಯಾಕೆ ಬಂದಾಗ ಯಾವ್ದು ಏನ್ಮಾಡ್ತದೆ ನೋಡು. ನಾಳೆ ತಗಂಡೋಗು."

"ಆಗಲ್ಲ ಅಜ್ಜಿ. ಬೈಗಿಗೆ ನಾನು ನನ್ನ ಕುರಿ ಹತ್ರ ಇರ್ಬೇಕು."

"ಹತ್ತು ವರ್ಷ ಇಟ್ಕಳ್ಳೋ ನಾಯಿಗೆ ನಿನ್ನ ಹತ್ರ ಒಂದು ದಿನ ಇಲ್ವಾ?"

"ಒಂದು ದಿನ ಯಾಕೆ? ನಮ್ಮಪ್ಪ ಹೇಳ್ಕೊಟ್ಟ ದಾರಿ ಐತೆ. ತಾಯಿನೇ ಆರಿಸಿ ಕೊಡ್ತಾಳೆ."

ಅಪ್ಪನ ದಾರಿ ಇದು. ಮರಿಗಳನ್ನು ತಗ್ಗಿನಿಂದ ತೆಗೆದು ಐವತ್ತು ಹೆಜ್ಜೆ ದೂರದಲ್ಲಿ ಸಾಲಾಗಿ ಬಿಡಬೇಕು. ತಾಯಿಯನ್ನು ಬಿಡಬೇಕು. ತಾಯಿ ಅವನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ವಾಪಸು ತರುತ್ತಾಳೆ. ಅವಳು ಮೊದಲು ಎತ್ತಿದ ಮರಿಯೇ ಮರಿ. ಅಪ್ಪ ಕೆಂಚಿಯನ್ನು ಆರಿಸಿದ್ದು ಹಾಗೆಯೇ. ಇವನು ಅದನ್ನು ಕಣ್ಣಾರೆ ನೋಡಿದ್ದ.

ಅಪ್ಪ ಅದನ್ನು ಮಾಡಿದ್ದು ಬೆಳಗಿನ ತಂಪಿನಲ್ಲಿ, ಹುಲ್ಲಿನ ಮೇಲೆ. ಈಗ ನಡುಮಧ್ಯಾಹ್ನ. ಹೊಲದ ತುಂಬ ಜೋಳದ ಕೂಳೆ, ಮರಿಗಳ ಕಾಲಿಗೆ ಚುಚ್ಚುವಂಥದು. ಸಮನಾದ ಜಾಗವೆಂದರೆ ಒಂದು ಹಾಸುಬಂಡೆ. ಕುರಿಗಾಹಿ ನಾಲ್ಕೂ ಮರಿಗಳನ್ನು ಮಡಿಲಲ್ಲಿ ಹೊತ್ತು ಹೋಗಿ ಬಂಡೆಯ ಮೇಲೆ ಇಟ್ಟ. ಓಡಿ ಬಂದು ಮುದುಕಿಯ ಪಕ್ಕದಲ್ಲಿ ನಿಂತ. ಮುದುಕಿ ತಾಯಿಯ ಕತ್ತಿಗೆ ಹಗ್ಗ ಹಾಕಿ ಹಿಡಿದಿದ್ದಳು, ಅದನ್ನು ಬಿಡಿಸಿದ.

ಒಂದು ಕಂದು ಮರಿ ಆಗಲೇ ಅಳಲು ಶುರುಮಾಡಿತ್ತು. ಕಾಲು ಎತ್ತಿ ಎತ್ತಿ ಇಡುತ್ತಾ ಕೂಗುತ್ತಿತ್ತು. ಗಂಟಲು ಗಟ್ಟಿ ಇದೆ ಎಂದುಕೊಂಡ ಕುರಿಗಾಹಿ. ತಾಯಿ ಓಡಿತು. ನೇರವಾಗಿ ಆ ಕಂದು ಮರಿಯನ್ನು ಎತ್ತಿತು. ತಂದು ತಗ್ಗಿನ ನೆರಳಲ್ಲಿ ಇಳಿಸಿತು.

"ಅದೇ!" ಎಂದು ಕುರಿಗಾಹಿ ತೊಡೆ ತಟ್ಟಿದ.

ತಾಯಿ ಮತ್ತೆ ಹೋಯಿತು. ಎರಡನೆಯದನ್ನು ತಂದಿತು. ಮತ್ತೆ ಹೋಗಿ ಮೂರನೆಯದನ್ನು ತಂದಿತು. ನಾಲ್ಕನೆಯದಕ್ಕೆ ಅರ್ಧ ದಾರಿ ಹೋಗಿ ನಿಂತಿತು. ಆ ಮರಿ ಬಂಡೆ ಇಳಿದಿತ್ತು. ಬಂಡೆಯ ಅಂಚಿನ ಗೇಣಗಲ ನೆರಳಲ್ಲಿ ಸ್ವಲ್ಪ ಹೊತ್ತು ಕೂತಿತು. ಅಲ್ಲಿಂದ ಒಂದು ಎಕ್ಕದ ಗಿಡದ ನೆರಳಿಗೆ ಬಂತು. ಅಲ್ಲಿಂದ ಕೂಳೆಯ ನಡುವೆ ದಾರಿ ಹುಡುಕಿಕೊಂಡು ನಡೆದು ಬಂತು. ತಾಯಿ ಅದನ್ನು ನೋಡುತ್ತಾ ಕೂತಿತ್ತು. ಮರಿ ತಾಯಿಯನ್ನು ದಾಟಿ ಹೋಗಿ ತಗ್ಗಿನೊಳಗೆ ಮಲಗಿತು.

ಅದನ್ನು ತಾಯಿಯೇ ಬೇಡವೆಂದಳು ಎಂದು ಕುರಿಗಾಹಿ ತಿಳಿದ.

ಮುದುಕಿ ಕೇಳಿದಳು: "ಆತಾ ನಿನ್ನ ಆರಿಸೋದು?"

"ಆತಜ್ಜಿ. ನಾನೆಲ್ಲಿ ಆರಿಸ್ದೆ? ಅವಳೇ ಆರಿಸಿದ್ಲು."

"ಸರಿ. ಉಣ್ಣಾಕಿಕ್ಕು ಅವಳಿಗೆ."

ಅವನು ಬುತ್ತಿ ಬಿಚ್ಚಿದ. ತಾಯಿ ಉಂಡಿತು. ಅವನು ಕಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ, ಬಂದ ದಾರಿಯಲ್ಲಿ ಹೊರಟ. ಬೈಗಿನ ಹೊತ್ತಿಗೆ ಸರಿಯಾಗಿ ರೊಪ್ಪ ಸೇರಿದ.

ಮರಿಗೆ ದೊರೆ ಎಂದು ಹೆಸರಿಟ್ಟ.

ದೊರೆಯನ್ನು ಸಾಕಿದ್ದೂ ದೊರೆಯ ಹಾಗೆಯೇ. ಕುರಿಹಾಲು ಕರೆದು ಕುಡಿಸಿದ. ತನ್ನ ಕಂಬಳಿಯಲ್ಲಿ ಮಲಗಿಸಿಕೊಂಡ. ಮೇವಿಗೆ ಹೋಗುವಾಗ, ನಡೆಯಲಾರದ ಕುರಿಮರಿಯನ್ನು ಹೊತ್ತ ಹಾಗೆ, ಹೆಗಲ ಮೇಲೆ ಹಾಕಿಕೊಂಡು ಹೋದ. ಮುಳ್ಳು ಬಂದಲ್ಲಿ ಎತ್ತಿದ, ನೀರು ಬಂದಲ್ಲಿ ಎತ್ತಿದ, ಊರನಾಯಿಗಳು ಎದುರಾದಲ್ಲಿ ಎತ್ತಿದ. ಮರಿ ನಾಲ್ಕು ತಿಂಗಳಿನದಾಯಿತು, ಆರು ತಿಂಗಳಿನದಾಯಿತು. ಎತ್ತುವುದು ತಪ್ಪಲಿಲ್ಲ. ಸಾಧಾರಣ ಮರಿಯಾಗಿದ್ದರೆ ಅವನು ಹೀಗೆ ಮಾಡುತ್ತಿರಲಿಲ್ಲ. ಕೆಂಚಿಯನ್ನು ಮೂರನೇ ತಿಂಗಳಿಗೇ ರೊಪ್ಪದ ಬಾಗಿಲಲ್ಲಿ ಬಿಟ್ಟಿದ್ದರು. ಆದರೆ ಇದು ಆರಿಸಿ ಬಂದದ್ದು. ಕೆಡಬಾರದು.

ಪಕ್ಕದ ರೊಪ್ಪದವನು ಒಂದು ದಿನ ಕೇಳಿದ: "ಏನಣ್ಣ, ಕುರಿ ಕಾಯಾಕೆ ನಾಯಿ ತಂದ್ಯೋ, ನಾಯಿ ಕಾಯಾಕೆ ಕುರಿ ಇಟ್ಟೀಯೋ?"

"ನಿನಗೇನು ಗೊತ್ತು? ಇದು ತಾಯಿ ಮೊದ್ಲು ಎತ್ತಿದ ಮರಿ."

"ಇನ್ನೂ ಇಳಿದಿಲ್ವಲ್ಲೋ ಮಾರಾಯ!"

ಕುರಿಗಾಹಿ ಅದನ್ನು ಹೊಟ್ಟೆಕಿಚ್ಚಿನ ಮಾತೆಂದುಕೊಂಡ.

ವರ್ಷ ತುಂಬುವ ಹೊತ್ತಿಗೆ ದೊರೆ ಎದೆ ಅಗಲದ ನಾಯಿಯಾಯಿತು. ನೋಡಿದವರು ಭಲೇ ಎನ್ನುತ್ತಿದ್ದರು. ಕುರಿಗಾಹಿಯ ಕಾಲು ಬಿಟ್ಟು ಅದು ಅಲ್ಲಾಡುತ್ತಿರಲಿಲ್ಲ. ಅವನು ನೀರು ತರಲು ಹೋದರೆ ಬರುವ ತನಕ ಕುಂಯ್‌ಗುಡುತ್ತಿತ್ತು. ಅದನ್ನು ಅವನು ಪ್ರೀತಿ ಎಂದುಕೊಂಡ. ಪ್ರೀತಿಯೂ ಹೌದು.

ಕಾರ್ತಿಕದಲ್ಲಿ ಒಂದು ಸಂಜೆ ತೋಳ ಬಂತು. ದೊರೆ ಅದನ್ನು ಕಂಡಿತು. ಬಂದು ಕುರಿಗಾಹಿಯ ಎರಡು ಕಾಲಿನ ನಡುವೆ ನಿಂತಿತು. ಅವನು ಕೋಲೆತ್ತಿ ಓಡಲು ಹೋಗಿ ಅದನ್ನೇ ಎಡವಿ ಬಿದ್ದ. ತೋಳ ಒಂದು ಕುರಿ ಒಯ್ದಿತು. ಇನ್ನೂ ಚಿಕ್ಕದು ಎಂದ ಕುರಿಗಾಹಿ.

ಹತ್ತು ದಿನ ಬಿಟ್ಟು ನಸುಕಿನಲ್ಲಿ ಎರಡು ತೋಳ ಬಂದವು. ದೊರೆ ಬೇಲಿ ಹಾರಿ ರೊಪ್ಪದೊಳಗೆ ನುಗ್ಗಿ ಕುರಿಗಳ ನಡುವೆ ಅಡಗಿತು. ಕುರಿಗಳು ಬೆದರಿದವು. ಬೇಲಿ ಮುರಿದು ಹೊರಗೆ ಚೆದುರಿದವು. ಆ ಬೆಳಿಗ್ಗೆ ಹನ್ನೊಂದು ಕುರಿ ಹೋದವು. ತೋಳ ತಿಂದದ್ದು ಎರಡು. ಉಳಿದವು ಕತ್ತು ಹರಿದು ಬಿದ್ದಿದ್ದವು.

ಹೆಂಡತಿ ಸತ್ತ ಕುರಿಗಳನ್ನು ಒಂದು ಕಡೆ ಎಳೆದು ಹಾಕುತ್ತಾ ಹೇಳಿದಳು: "ನಾಯಿ ತಂದೀನಿ ಅಂದೆ. ಇದೂ ಒಂದು ಕುರಿನೇ. ಉಣ್ಣೆ ಒಂದು ಬರಲ್ಲ."

ದೊರೆ ಬೆಳೆಯುವ ತನಕ ಒಂದೊಂದಾಗಿ ಹೋದವೂ ಸೇರಿ, ಹೋದ ವರ್ಷ ಎಂಬತ್ತಿದ್ದ ಮಂದೆ ಈಗ ಐವತ್ತಕ್ಕೆ ಇಳಿದಿತ್ತು. ಇನ್ನೊಂದು ವರ್ಷ ಹೀಗೇ ನಡೆದರೆ ಮುಂದಿನ ಕಾರ್ತಿಕದಲ್ಲಿ ಅವನು ಬೇರೆಯವರ ಕುರಿಯ ಹಿಂದೆ ನಡೆಯಬೇಕು.

ಸುಗ್ಗಿ ಮುಗಿದ ಮೇಲೆ ಮುದುಕಿಯ ಮಂದೆ ಅದೇ ಹೊಲಕ್ಕೆ ಬಂದು ಇಳಿಯಿತು. ಕುರಿಗಾಹಿ ತನ್ನ ಕುರಿಗಳನ್ನು ಮತ್ತೆ ಪಕ್ಕದವನಿಗೆ ಒಪ್ಪಿಸಿ, ದೊರೆಯನ್ನು ಕರೆದುಕೊಂಡು ಹೊರಟ. ಜಗಳ ಆಡಲೆಂದೇ ಹೊರಟ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಏನೇನು ಅನ್ನಬೇಕು, ಅದಕ್ಕೆ ಅವಳು ಏನಂದರೆ ತಾನು ಏನನ್ನಬೇಕು, ಎಲ್ಲವನ್ನೂ ಜೋಡಿಸಿಕೊಂಡ.

ಮಂದೆ ಹೊಲದಲ್ಲಿ ಮೇಯುತ್ತಿತ್ತು. ಮಂದೆಯಿಂದ ದೂರದಲ್ಲಿ, ಒಂದು ದಿಬ್ಬದ ಮೇಲೆ, ಒಂದು ನಾಯಿ ಒಂಟಿಯಾಗಿ ನಿಂತಿತ್ತು. ತೆಳ್ಳಗಿನ ನಾಯಿ. ಕುರಿಗಳಿಗೆ ಬೆನ್ನು ಹಾಕಿ ಹೊರಗೆ ನೋಡುತ್ತಿತ್ತು. ಇವನು ಬಂದದ್ದನ್ನು ನೋಡಿತು. ದೊರೆಯನ್ನು ನೋಡಿತು. ಮತ್ತೆ ಹೊರಗೆ ನೋಡಿತು. ಯಾವ ಮರಿ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಜೋಡಿಸಿಕೊಂಡ ಮಾತುಗಳಲ್ಲಿ ಅರ್ಧ ಅಲ್ಲೇ ಹೋದವು.

ಮುದುಕಿ ದೊರೆಯ ಬಾಯಿ ತೆರೆದು ಹಲ್ಲು ನೋಡಿದಳು. ಎದೆ ಒತ್ತಿ ನೋಡಿದಳು. "ಚೆನ್ನಾಗಿ ಸಾಕೀಯ," ಎಂದಳು.

"ಏನು ಸಾಕಿ ಏನು ಬಂತು ಅಜ್ಜಿ? ಮೂವತ್ತು ಕುರಿ ಕಳ್ಕಂಡೆ. ತಾಯಿ ಮೊದ್ಲು ಎತ್ತಿದ ಮರಿನೇ ತಗಂಡೋದೆ. ಕಡೇಗೆ ಹಿಂಗಾತು."

"ಅವತ್ತು ಬಂಡೆ ಮುಟ್ಟಿ ನೋಡಿದ್ಯಾ?"

"ಯಾವ ಬಂಡೆ?"

"ಮರಿ ಇಟ್ಟ ಬಂಡೆ. ಬೆಂಕಿ ಇದ್ದಂಗಿತ್ತು. ನಾಲ್ಕರಲ್ಲಿ ಯಾವ್ದು ತಾಳಲ್ವೋ ಅದನ್ನ ಮೊದ್ಲು ಎತ್ತಿದ್ಲು. ಯಾವ ತಾಯಾದ್ರೂ ಅದನ್ನೇ ಮಾಡೋದು. ನಿನಗೆ ನಾಯಿ ಆರಿಸಿ ಕೊಡಾಕೆ ಅವಳೇನು ನಿಮ್ಮಪ್ಪನಾ?"

ಕುರಿಗಾಹಿ ದಿಬ್ಬದ ಕಡೆ ಕೈ ತೋರಿಸಿದ.

"ಅದನ್ನ ಕೊಡು ಅಜ್ಜಿ."

"ಅದನ್ನ ಕೊಟ್ರೆ ನನ್ನ ಕುರಿ ಕಾಯೋರ್ಯಾರು? ನೀನು ಬರ್ತೀಯಾ?"

"ಹಂಗಾರೆ ಇದನ್ನ ಏನ್ಮಾಡ್ಲಿ?"

ಮುದುಕಿ ಮತ್ತೆ ನೂಲಲು ಹಿಡಿದಳು. ಎಳೆ ಹರಿಯಿತು, ಜೋಡಿಸಿಕೊಂಡಳು. ಆಮೇಲೆ ಹೇಳಿದಳು: "ನಾಯಿ ಕೆಟ್ಟದ್ದಲ್ಲ. ಆ ತಾಯಿ ಹೊಟ್ಟೇಲಿ ಕೆಟ್ಟದ್ದು ಹುಟ್ಟಿಲ್ಲ. ಅವಳು ಎತ್ಕಂಡು ಬಂದು ನೆರಳಲ್ಲಿ ಇಳಿಸಿದ್ಲು. ನೀನು ಎತ್ಕಂಡೋನು ಇಳಿಸ್ಲೇ ಇಲ್ಲ."

ಕುರಿಗಾಹಿ ಎದ್ದ. ದೊರೆ ಹಿಂದೆಯೇ ಎದ್ದಿತು.

ಊರಿನ ದಾರಿಯಲ್ಲಿ ಒಂದು ಹಳ್ಳ ಇದೆ. ಮೊಣಕಾಲುದ್ದ ನೀರು, ನಡುವೆ ಜಾರುವ ಕಲ್ಲುಗಳು. ಬರುವಾಗ ಅವನು ದೊರೆಯನ್ನು ಹೆಗಲ ಮೇಲೆ ಹಾಕಿಕೊಂಡೇ ದಾಟಿದ್ದ. ಈಗ ದಡಕ್ಕೆ ಬಂದಾಗ ದೊರೆ ಅವನ ಮುಂದೆ ಬಂದು, ಎತ್ತಿಕೊಳ್ಳಲಿ ಎಂದು ಮೈ ಒಡ್ಡಿ ನಿಂತಿತು. ಅವನು ರೂಢಿಯಂತೆ ಬಗ್ಗಿದ. ಕೈ ಅದರ ಹೊಟ್ಟೆಯ ಕೆಳಗೆ ಹೋಯಿತು. ಹಾಗೆಯೇ ಹಿಂದಕ್ಕೆ ತೆಗೆದ.

ಒಬ್ಬನೇ ದಾಟಿದ.

ದೊರೆ ಆ ದಡದಲ್ಲಿ ಉಳಿಯಿತು. ಮೊದಲು ಬಾಲ ಅಲ್ಲಾಡಿಸಿತು. ಆಮೇಲೆ ಕುಂಯ್‌ಗುಟ್ಟಿತು. ದಡದುದ್ದಕ್ಕೂ ಮೇಲಕ್ಕೂ ಕೆಳಕ್ಕೂ ಓಡಿತು. ಒಂದು ಕಾಲು ನೀರಿನಲ್ಲಿಟ್ಟಿತು, ತೆಗೆಯಿತು. ಬಂಡೆಯ ಮೇಲೆ ಕೂಗಿದ ಹಾಗೆಯೇ ಕೂಗಿತು. ಒಂದು ಸಲ ಹೆಸರು ಹಿಡಿದು ಕರೆದಿದ್ದರೆ, ಅಥವಾ ಮತ್ತೆ ನೀರಿಗಿಳಿದಿದ್ದರೆ, ಕೂಗು ನಿಲ್ಲುತ್ತಿತ್ತು. ಅವನು ಹಲ್ಲು ಕಚ್ಚಿಕೊಂಡು ಒಂದು ಕಲ್ಲಿನ ಮೇಲೆ ಕೂತ.

ಹೊತ್ತು ಇಳಿಯುತ್ತಿತ್ತು. ಕುರಿ ರೊಪ್ಪಕ್ಕೆ ಮರಳುವ ಹೊತ್ತು. ತೋಳ ಬರುವ ಹೊತ್ತೂ ಅದೇ. ಪಕ್ಕದವನು ಕಾಯುವುದು ಬೈಗಿನ ತನಕ ಮಾತ್ರ. ಎದ್ದು ಹೋದರೆ ನಾಯಿ ಹೋಯಿತು. ಕೂತರೆ ಕುರಿ ಹೋದೀತು. ಎತ್ತಿಕೊಂಡು ಹೋದರೆ ಎರಡೂ ಉಳಿದ ಹಾಗೆ ಕಾಣುತ್ತದೆ, ಎರಡೂ ಉಳಿಯುವುದಿಲ್ಲ.

ಕುರಿಗಾಹಿ ಕೂತೇ ಇದ್ದ.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯ ಕಾದ. ಗುರು ಪಂಚೆ ಕೊಡವಿಕೊಂಡು ಎದ್ದರು.

"ನಾಯಿ ದಾಟಿತೇ, ಗುರುಗಳೇ?"

"ನಾಳೆ ಪಾಠಕ್ಕೆ ನಾನು ಕರೆಯುವುದಿಲ್ಲ, ನೀನೇ ಬಾ."